ಕಂಟೇನರ್‌ಗೆ ಹಾಕಿದ ಮಾತ್ರಕ್ಕೆ ತಂತ್ರಾಂಶ ಕ್ಲೌಡ್ ನೇಟಿವ್ ಆಗುತ್ತದೆಯೇ?

ಜಯನಗರ_ಬ್ಯಾಕೆಂಡ್:
ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ, ರೋಗಿಗಳು ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ತಂತ್ರಾಂಶವನ್ನು ನಾವು ನೋಡಿಕೊಳ್ಳುತ್ತೇವೆ. ಬಹುಕಾಲ ಒಂದೇ ಸರ್ವರ್‌ನಲ್ಲಿ ನಡೆಯುತ್ತಿದ್ದ ಇದನ್ನು ಈಚೆಗೆ ಡಾಕರ್ ಕಂಟೇನರ್‌ಗೆ (ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರ ಜೊತೆ ಕಟ್ಟಿಡುವ ಪೊಟ್ಟಣ) ಹಾಕಿ, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ಮೇಲೆ ಮೂರು ಪ್ರತಿಗಳಾಗಿ ಓಡಿಸುತ್ತಿದ್ದೇವೆ. ಆದರೆ ಹೊಸ ಆವೃತ್ತಿ ಬಿಟ್ಟಾಗಲೆಲ್ಲ ಕೆಲವರ ಲಾಗಿನ್ ತಪ್ಪಿಹೋಗುತ್ತದೆ. ರೋಗಿಗಳು ಅಪ್‌ಲೋಡ್ ಮಾಡಿದ ವರದಿಗಳೂ ಕಾಣೆಯಾಗುತ್ತಿವೆ. ಇನ್ನು ಎಲ್ಲವನ್ನೂ ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಪ್ರತ್ಯೇಕವಾಗಿ ಓಡುವ ಸಣ್ಣ ಸೇವೆಗಳಾಗಿ ಒಡೆಯಬೇಕೆಂದು ತಂಡದಲ್ಲಿ ಮಾತು ನಡೆದಿದೆ. ಕ್ಲೌಡ್ ನೇಟಿವ್ (ಕ್ಲೌಡ್‌ನಲ್ಲಿ ಓಡಲೆಂದೇ ರೂಪಿಸಿದ) ವಿನ್ಯಾಸದ ಮೂಲ ತತ್ವಗಳು ಯಾವುವು, ನಾವು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮಲ್ಲೇಶ್ವರ_ಎಸ್‌ಆರ್‌ಇ:
ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ತಂತ್ರಾಂಶದ ಯಾವ ಪ್ರತಿಯಾದರೂ ಯಾವ ಕ್ಷಣದಲ್ಲಾದರೂ ಇಲ್ಲವಾಗಬಹುದು, ಹಾಗಾದರೂ ಬಳಕೆದಾರರಿಗೆ ಅದು ತಿಳಿಯಬಾರದು ಎಂಬುದೇ ಮೊದಲ ತತ್ವ. ಉಳಿದವು ಬಹುಪಾಲು ಇದರಿಂದಲೇ ಹುಟ್ಟುತ್ತವೆ. ಸೆಷನ್ (ಯಾರು ಲಾಗಿನ್ ಆಗಿದ್ದಾರೆಂಬ ಮಾಹಿತಿ) ಓಡುತ್ತಿರುವ ಪ್ರಕ್ರಿಯೆಯ ಮೆಮೊರಿಯಲ್ಲಿದ್ದರೆ, ಫೈಲ್ ಕಂಟೇನರ್‌ನ ಡಿಸ್ಕ್‌ನಲ್ಲಿದ್ದರೆ, ಆ ಪ್ರತಿಯೊಂದಿಗೆ ಅವೂ ಹೋಗುತ್ತವೆ. ಸೆಷನ್‌ಗಳನ್ನು ರೆಡಿಸ್‌ನಂತಹ ಹಂಚಿಕೆಯ ಸಂಗ್ರಹಕ್ಕೂ ವರದಿಗಳನ್ನು ಅಮೆಜಾನ್‌ನ ಎಸ್3ನಂತಹ ಆಬ್ಜೆಕ್ಟ್ ಸ್ಟೋರೇಜ್‌ಗೂ (ಫೈಲ್‌ಗಳನ್ನು ಕಂಟೇನರ್‌ನ ಹೊರಗಿಡುವ ಸಂಗ್ರಹ) ಸಾಗಿಸಿ. ಕ್ಲೌಡ್ ಕಂಪನಿ ಹೆರೋಕುವಿನ ತಂಡದವರು ಇಂಥ ತಂತ್ರಾಂಶಗಳಿಗಾಗಿ 2011ರ ಸುಮಾರಿಗೆ ಬರೆದಿಟ್ಟ ಹನ್ನೆರಡು ಅಂಶಗಳಲ್ಲಿ ಇದೂ ಒಂದು. ಕುಬರ್ನೆಟೀಸ್ ಬರುವ ಮೊದಲೇ ಬರೆದದ್ದಾದರೂ ಅವು ಇಂದಿಗೂ ಓದಲು ಯೋಗ್ಯ. ಡೇಟಾಬೇಸ್ ವಿಳಾಸ, ಪಾಸ್‌ವರ್ಡ್‌ಗಳು ಕೋಡ್‌ನಲ್ಲಿರದೆ ಅದು ಓಡುವ ಪರಿಸರದಿಂದ (ಎನ್ವಿರಾನ್‌ಮೆಂಟ್) ಬರಬೇಕೆಂಬುದೂ ಅಲ್ಲಿದೆ.

ಸಾಯುವ ಕ್ರಮವನ್ನೂ ಗಮನಿಸಿ. ಕುಬರ್ನೆಟೀಸ್ ಒಂದು ಪಾಡನ್ನು (ಕಂಟೇನರ್ ಓಡುವ ಘಟಕ, ಇಲ್ಲಿ ನಿಮ್ಮ ಒಂದು ಪ್ರತಿ) ನಿಲ್ಲಿಸುವಾಗ ಮೊದಲು ಸಿಗ್‌ಟರ್ಮ್ (ನಿಲ್ಲು ಎಂಬ ಸೂಚನೆ) ಕಳುಹಿಸಿ, ನೀವು ಬೇರೆ ಹೇಳದಿದ್ದರೆ 30 ಸೆಕೆಂಡು ಕಾದು, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ಆ ಅವಧಿಯಲ್ಲಿ ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸುವುದು ನಿಮ್ಮ ಕೋಡ್‌ನ ಹೊಣೆ.

ವೈಟ್‌ಫೀಲ್ಡ್_ಆರ್ಕಿಟೆಕ್ಟ್:
ಮೇಲಿನ ಮಾತಿಗೆ ನನ್ನ ಸಹಮತವಿದೆ. ಮೈಕ್ರೋಸರ್ವಿಸ್ ವಿಚಾರವನ್ನು ಮಾತ್ರ ಸದ್ಯಕ್ಕೆ ಕೈಬಿಡಿ ಎಂದು ಒತ್ತಿ ಹೇಳುತ್ತೇನೆ. ಸ್ಥಿತಿಯನ್ನು (ಸೆಷನ್, ಫೈಲ್‌ಗಳಂಥವನ್ನು) ಹೊರಗಿಟ್ಟ ಒಂದೇ ತಂತ್ರಾಂಶವೂ ಚೆನ್ನಾಗಿಯೇ ಕ್ಲೌಡ್ ನೇಟಿವ್ ಆಗಿರಬಲ್ಲದು. ಒಡೆದ ಕೂಡಲೇ ಸೇವೆಗಳ ನಡುವಿನ ಪ್ರತಿ ಫಂಕ್ಷನ್ ಕರೆಯೂ ನೆಟ್‌ವರ್ಕ್ ಕರೆಯಾಗುತ್ತದೆ. ಆಗ ಟೈಮ್‌ಔಟ್, ಮರುಪ್ರಯತ್ನ, ಹಾಗೂ ಒಂದೇ ಕೋರಿಕೆ ಎರಡು ಸಲ ಬಂದರೂ ಎರಡು ಬುಕಿಂಗ್ ಆಗದಂತೆ ನೋಡಿಕೊಳ್ಳುವ ಕೆಲಸ ಎಲ್ಲವೂ ಹೆಗಲೇರುತ್ತವೆ. ಸಂಸ್ಥೆಯೊಳಗಿನ ಸಂವಹನದ ರಚನೆಯೇ ಅದು ರೂಪಿಸುವ ವ್ಯವಸ್ಥೆಯ ವಿನ್ಯಾಸದಲ್ಲಿ ಪಡಿಮೂಡುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಒಂದೇ ತಂಡವಿರುವ ನಿಮಗೆ ಹತ್ತು ಸೇವೆಗಳು ಹೊರೆಯೇ ಸರಿ.

ಜಯನಗರ_ಬ್ಯಾಕೆಂಡ್:
ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂಶಯವಿದೆ: ನಮ್ಮ ಲೈವ್‌ನೆಸ್ ಪ್ರೋಬ್ (ಕಂಟೇನರ್ ಜೀವಂತವಾಗಿದೆಯೇ ಎಂದು ಕುಬರ್ನೆಟೀಸ್ ಮಾಡುವ ತಪಾಸಣೆ) ಡೇಟಾಬೇಸನ್ನೂ ಪರೀಕ್ಷಿಸುತ್ತದೆ. ಅದು ಸರಿಯೇ?

ಮಲ್ಲೇಶ್ವರ_ಎಸ್‌ಆರ್‌ಇ:
ಸರಿಯಲ್ಲ, ದಯವಿಟ್ಟು ಇಂದೇ ತೆಗೆಯಿರಿ. ಲೈವ್‌ನೆಸ್ ಸೋತರೆ ಕಂಟೇನರ್ ಮರುಪ್ರಾರಂಭವಾಗುತ್ತದೆ. ರೆಡಿನೆಸ್ (ಕೋರಿಕೆ ಸ್ವೀಕರಿಸಲು ಸಿದ್ಧವೇ ಎಂಬ ತಪಾಸಣೆ) ಸೋತರೆ ಆ ಪಾಡ್‌ಗೆ ಕೋರಿಕೆ ಬರುವುದು ನಿಲ್ಲುತ್ತದೆ, ಅಷ್ಟೇ. ಡೇಟಾಬೇಸ್ ಸ್ವಲ್ಪ ನಿಧಾನವಾದರೂ ನಿಮ್ಮ ಮೂರೂ ಪ್ರತಿಗಳು ಒಟ್ಟಿಗೆ ಮರುಪ್ರಾರಂಭವಾಗಿ, ಮತ್ತೆ ಒಟ್ಟಿಗೇ ಸಂಪರ್ಕ ಕೇಳಿ, ಬಳಲಿದ ಡೇಟಾಬೇಸನ್ನು ಇನ್ನಷ್ಟು ಬಳಲಿಸುತ್ತವೆ. ಪ್ರಕ್ರಿಯೆ ತಾನೇ ಸಿಕ್ಕಿಬಿದ್ದಿದೆಯೇ ಎಂಬುದನ್ನಷ್ಟೇ ಲೈವ್‌ನೆಸ್ ನೋಡಲಿ. ಈ ಬದಲಾವಣೆಗಳಾದ ಮೇಲೆ ಪರೀಕ್ಷಾ ಕ್ಲಸ್ಟರ್‌ನಲ್ಲಿ, ಬುಕಿಂಗ್ ನಡೆಯುತ್ತಿರುವಾಗಲೇ ಒಂದು ಪಾಡನ್ನು ಅಳಿಸಿ ನೋಡಿ, ಯಾವ ಕೋರಿಕೆ ವಿಫಲವಾಯಿತೆಂಬುದನ್ನು ಇಲ್ಲಿ ಬರೆಯಿರಿ.