ಲೋ ಕಾರ್ಬ್ ಶುರು ಮಾಡಿ ನಾಲ್ಕೇ ದಿನಕ್ಕೆ ಸುಸ್ತು, ಏನ್ಮಾಡ್ಲಿ?

ಸೋಮವಾರದಿಂದ ಲೋ ಕಾರ್ಬ್ ಹೈ ಫ್ಯಾಟ್ (ಅನ್ನ, ಚಪಾತಿ, ಸಕ್ಕರೆ ಥರದ ಕಾರ್ಬ್ ಕಮ್ಮಿ, ಕೊಬ್ಬು ಜಾಸ್ತಿ ತಿನ್ನೋ ಡಯಟ್) ಶುರು ಮಾಡಿದೀನಿ, ಗುಂಪಲ್ಲಿ ಐದು ಜನ ಇದೀವಿ, ದಿನಾ ರಾತ್ರಿ ತಟ್ಟೆ ಫೋಟೋ ಹಾಕ್ಬೇಕು ಅಂತ ರೂಲ್ಸು. ಎರಡು ಕೆಜಿ ಇಳಿದಿದೀನಿ, ಆದ್ರೆ ತಲೆನೋವು ಬಿಡ್ತಾನೇ ಇಲ್ಲ, ಮೆಟ್ಲು ಹತ್ತಿದ್ರೆ ಕಾಲು ನಡುಗುತ್ತೆ. ಬಿಟ್ಬಿಡ್ಲಾ?

ಉತ್ತರ 1: ಉಪ್ಪು ಕಮ್ಮಿ ಆಗಿರ್ಬೇಕು ನೋಡಿ. ಕಾರ್ಬ್ ಇಳಿಸಿದ್ರೆ ಇನ್ಸುಲಿನ್ ಇಳಿಯುತ್ತೆ, ಆಗ ಕಿಡ್ನಿ ಸೋಡಿಯಂ ಹೊರಗೆ ಹಾಕುತ್ತೆ, ಜೊತೆಗೆ ನೀರೂ ಹೋಗುತ್ತೆ. ಆ ಎರಡು ಕೆಜೀಲಿ ಹೆಚ್ಚಿನದು ನೀರೇ, ಈಗ್ಲೇ ಕುಣೀಬೇಡಿ :) ಬಿಪಿ ಇಲ್ದಿದ್ರೆ ಉಪ್ಪು ಹಾಕಿದ ಸೂಪ್ ಕುಡೀರಿ.

ಉತ್ತರ 2: ಶುಗರ್ ಮಾತ್ರೆನೋ ಇನ್ಸುಲಿನ್ನೋ ತಗೋತಿದ್ರೆ ಮೊದ್ಲು ಡಾಕ್ಟ್ರನ್ನ ಕೇಳಿ, ಹಳೇ ಡೋಸಲ್ಲೇ ಇದ್ರೆ ಶುಗರ್ ಲೋ ಆಗ್ಬಿಡ್ಬಹುದು.

ಉತ್ತರ 3: ನಾನೂ ಮೊದ್ಲ ದಿನವೇ ಕಾರ್ಬನ್ನ ದಿನಕ್ಕೆ 20 ಗ್ರಾಂಗೆ ಇಳಿಸಿ ಒದ್ದಾಡಿದ್ದೆ, ಆಮೇಲೆ 100, 50 ಅಂತ ನಿಧಾನಕ್ಕೆ ಇಳಿಸ್ದೆ. ತಪ್ಪಿ ತಿಂದ ದಿನದ ಫೋಟೋನೂ ಗುಂಪಿಗೆ ಹಾಕಿ, ಇಲ್ಲಾಂದ್ರೆ ಅದು ಬರೀ ಶೋಕಿ ಆಗುತ್ತೆ.