2006 ಮಸ್ಟಾಂಗ್ ಜಿಟಿ: ಹಿಂದಿನ ಡಿಫರೆನ್ಷಿಯಲ್‌ನಿಂದ ಊಳಿಡುವ ಸದ್ದು, ಪರಿಹಾರ ಬೇಕು

ಕೆಂಪುಜಿಟಿ_ಮಿಶಿಗನ್
ಎಲ್ಲರಿಗೂ ನಮಸ್ಕಾರ. ನನ್ನದು 2006ರ ಫೋರ್ಡ್ ಮಸ್ಟಾಂಗ್ ಜಿಟಿ, 4.6 ಲೀಟರ್ ವಿ8, ಐದು ಗೇರಿನ ಮ್ಯಾನ್ಯುಯಲ್. ಕೆಲವು ವಾರಗಳಿಂದ ಹಿಂದಿನ ಆಕ್ಸಲ್ ಕಡೆಯಿಂದ ಊಳಿಡುವಂತಹ ಸದ್ದು ಬರುತ್ತಿದೆ. ಹೆದ್ದಾರಿಗೆ ಹತ್ತಿದರೆ ರೇಡಿಯೊ ಹಾಕಿದರೂ ಅದು ಅಡಗುವುದಿಲ್ಲ. ಟೈರ್ ಬದಲಿಸಿದ್ದಾಯಿತು, ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿದ್ದಾಯಿತು, ಹಣ ಹೋಯಿತೇ ಹೊರತು ಸದ್ದು ಹೋಗಲಿಲ್ಲ. ಒಬ್ಬ ಮೆಕ್ಯಾನಿಕ್ ಇಡೀ ಆಕ್ಸಲ್ ಬದಲಿಸಬೇಕೆನ್ನುತ್ತಾನೆ, ಇನ್ನೊಬ್ಬ ಹೀಗೆಯೇ ಓಡಿಸಿ ಎನ್ನುತ್ತಾನೆ. ಯಾವ ಭಾಗ ಕೆಟ್ಟಿದೆಯೆಂದು ಬಲ್ಲವರು ದಯವಿಟ್ಟು ತಿಳಿಸಿ.

ಹಳೇಫೋರ್ಡ್
ಇದು ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟುಗಳು ನಯವಾಗಿ ಜಾರಲೆಂದು ಆಯಿಲಿಗೆ ಸೇರಿಸುವ ದ್ರವ) ಕೊರತೆಯೇ. ನಿಮ್ಮ 8.8 ಇಂಚಿನ ಆಕ್ಸಲ್‌ನಲ್ಲಿ ಟ್ರ್ಯಾಕ್ಷನ್-ಲಾಕ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಇದೆ, ಅದರೊಳಗೆ ಕ್ಲಚ್ ಪ್ಲೇಟುಗಳಿವೆ. ಹಳೆಯ ಆಯಿಲ್ ತೆಗೆದು 75ಡಬ್ಲ್ಯು-140 ಗೇರ್ ಆಯಿಲ್ ತುಂಬಿಸಿ, ಜೊತೆಗೆ ಮಾಡಿಫೈಯರ್ ಸೇರಿಸಿ. ಅಡಿಯಲ್ಲಿ ಡ್ರೈನ್ ಪ್ಲಗ್ ಇರುವುದಿಲ್ಲ, ಹಿಂದಿನ ಕವರಿನ ಹತ್ತು ಬೋಲ್ಟ್‌ಗಳನ್ನು ಬಿಚ್ಚಬೇಕು. ಮುಂದಿನ ವಾರ ಬಂದು ಧನ್ಯವಾದ ಹೇಳುತ್ತೀರಿ.

ಹಾಸನ_ಬೇಏರಿಯಾ
ನನಗೆ ಚಕ್ರದ ಬೇರಿಂಗ್ ಮೇಲೆಯೇ ಅನುಮಾನ. ಖಾಲಿ ರಸ್ತೆಯಲ್ಲಿ ಸ್ಟಿಯರಿಂಗನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಒಂದು ಕಡೆಗೆ ತಿರುಗಿಸಿದಾಗ ಸದ್ದು ಹೆಚ್ಚಿದರೆ ಎದುರು ಬದಿಯ ಬೇರಿಂಗ್ ಹೋಗಿದೆಯೆಂದೇ ಅರ್ಥ. ನನ್ನ ಸುಬಾರು ಎಸ್‌ಟಿಐಯಲ್ಲಿ ಹೀಗೆಯೇ ಪತ್ತೆ ಮಾಡಿದೆ.

ಅಳತೆಗಾರ
ಕೆಂಪುಜಿಟಿಯವರೇ, ಊಹೆಯ ಮೇಲೆ ಹಣ ಸುರಿಯುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರಿಸಿ. ಸದ್ದು ಯಾವ ವೇಗದಲ್ಲಿ ಹೆಚ್ಚು? ಆಕ್ಸಿಲರೇಟರ್ ಒತ್ತಿದಾಗಲೋ, ಬಿಟ್ಟಾಗಲೋ, ಒಂದೇ ವೇಗದಲ್ಲಿ ಹೋಗುವಾಗಲೋ? ನೇರ ರಸ್ತೆಯಲ್ಲಿ ಬರುತ್ತದೆಯೋ, ಪಾರ್ಕಿಂಗ್ ಜಾಗದಲ್ಲಿ ಪೂರ್ತಿ ತಿರುಗಿಸಿದಾಗ ಮಾತ್ರವೋ? ಕಂಪನಿ ಕೊಟ್ಟ ಗೇರ್ ಅನುಪಾತವೇ ಇದೆಯೇ? ಕೊನೆಯ ಬಾರಿ ಈ ಆಕ್ಸಲ್‌ಗೆ ಯಾರಾದರೂ ಕೈ ಹಾಕಿದ್ದು ಯಾವಾಗ, ಏತಕ್ಕಾಗಿ?

ಹಾಸನದವರು ಹೇಳಿದ ಪರೀಕ್ಷೆ ಎಸ್‌ಟಿಐಗೆ ಸರಿ, ಆದರೆ ಇಲ್ಲಿ ಅಷ್ಟು ಸ್ಪಷ್ಟ ಉತ್ತರ ಕೊಡುವುದಿಲ್ಲ. 8.8 ಇಂಚಿನ ಆಕ್ಸಲ್‌ನಲ್ಲಿ ಚಕ್ರದ ಬಳಿ ಇರುವುದು ನೇರ ರೋಲರ್ ಬೇರಿಂಗ್, ಅದು ಆಕ್ಸಲ್ ಶಾಫ್ಟಿನ ಮೈಮೇಲೆಯೇ ತಿರುಗುತ್ತದೆ. ತಿರುವಿನಲ್ಲಿ ಬರುವ ಅಡ್ಡ ಒತ್ತಡವನ್ನು ಹೊರುವುದು ಒಳಗಿನ ಸಿ-ಕ್ಲಿಪ್ (ಶಾಫ್ಟಿನ ತುದಿಯನ್ನು ಹಿಡಿದಿಡುವ ಕೊಂಡಿ) ಮತ್ತು ಕ್ರಾಸ್ ಪಿನ್ (ಡಿಫರೆನ್ಷಿಯಲ್ ನಡುವಿನ ಅಡ್ಡ ಕಡ್ಡಿ).

ಕೆಂಪುಜಿಟಿ_ಮಿಶಿಗನ್
ಗಂಟೆಗೆ 45ರಿಂದ 65 ಮೈಲಿಗಳ ನಡುವೆ ಹೆಚ್ಚು. ಎಳೆತದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತಿದಾಗ, ಬಹಳ ಕಡಿಮೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಜೋರಾಗುತ್ತದೆ. ನೇರ ರಸ್ತೆಯಲ್ಲಿಯೇ ಬರುತ್ತದೆ. ಹಿಂದಿನ ಮಾಲೀಕರು ಆಕ್ಸಲ್‌ಗೆ 4.10 ಅನುಪಾತದ ಗೇರ್ ಹಾಕಿಸಿದ್ದಾರೆ; ಮಸ್ಟಾಂಗ್ ಇರುವವರೆಲ್ಲ ಹಾಕಿಸುವಂಥದ್ದೇ ಆದ್ದರಿಂದ ಮೊದಲು ಬರೆದಿರಲಿಲ್ಲ.

ಹಳೇಫೋರ್ಡ್
ನಾನು ಹೇಳಿದ್ದನ್ನು ಮೊದಲು ಮಾಡಿ. ಆಯಿಲ್ ಬದಲಿಸದೆ ಬೇರೆ ಯಾವ ಪರೀಕ್ಷೆಯೂ ಬೇಡ. ಇನ್ನು 4.10 ಎಲ್ಲರೂ ಹಾಕಿಸುತ್ತಾರೆಂಬ ಮಾತು ಸರಿಯಲ್ಲ. ದಿನನಿತ್ಯ ಓಡಿಸುವ ಗಾಡಿಗೆ 3.73 ಸಾಕು, ಕಂಪನಿಯ 3.55ಕ್ಕಿಂತ ಅದು ಎಷ್ಟೋ ಚುರುಕು. ನನ್ನದರಲ್ಲಿ 3.73 ಇದೆ, ಹೆದ್ದಾರಿಯಲ್ಲಿ ಎಂಜಿನ್ ನೆಮ್ಮದಿಯಾಗಿರುತ್ತದೆ.

ಒಂದೇಶಾಫ್ಟ್
4.10ರಲ್ಲಿ ಏನೂ ತಪ್ಪಿಲ್ಲ. ನಿಜವಾದ ತೊಂದರೆ ಕಂಪನಿ ಕೊಡುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ). ಅದರ ನಡುವಿನ ಬೇರಿಂಗ್ ಸವೆದರೆ ಇಡೀ ಗಾಡಿ ಗುನುಗುತ್ತದೆ. ನಾನು ಅದನ್ನು ಕಿತ್ತು ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟ್ ಹಾಕಿದ್ದೇನೆ, ಮೇಲಿನ ಕಂಟ್ರೋಲ್ ಆರ್ಮ್ ಕೂಡ ಹೊಂದಿಸಬಹುದಾದದ್ದು, ಪಿನಿಯನ್ (ಆ ಶಾಫ್ಟಿಗೆ ಕೂಡುವ ಚಿಕ್ಕ ಗೇರ್) ಕೋನವನ್ನು ನಾನೇ ಅಳೆದು ಕೂರಿಸಿದ್ದೇನೆ. ಆಕ್ಸಿಲರೇಟರ್ ಒತ್ತಿದರೆ ಬರುವ ಸ್ಪಂದನೆಯೇ ಬೇರೆ.

ಅಳತೆಗಾರ
ಮೂವರ ಅನುಮಾನವನ್ನೂ ಲೆಕ್ಕದಿಂದಲೇ ಪರೀಕ್ಷಿಸಬಹುದು. ಈ ಗಾಡಿಯ ಮೂಲ ಅಳತೆಯ 235/55 ಆರ್17 ಟೈರಿನ ಸುತ್ತಳತೆ ಸುಮಾರು 2.17 ಮೀಟರ್. ಗಂಟೆಗೆ 60 ಮೈಲಿ ವೇಗದಲ್ಲಿ ಚಕ್ರವು ಸೆಕೆಂಡಿಗೆ 12 ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. 4.10 ಅನುಪಾತವೆಂದರೆ ಪಿನಿಯನ್ ತಿರುಗಿಸುವ ದೊಡ್ಡ ರಿಂಗ್ ಗೇರಿಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 51 ಸುತ್ತು ತಿರುಗುತ್ತದೆ, ಹಲ್ಲಿಗೆ ಹಲ್ಲು ಕೂಡುವುದು ಸೆಕೆಂಡಿಗೆ ಸುಮಾರು 507 ಸಲ. ಟೈರ್ ಅಥವಾ ಚಕ್ರದ ದೋಷ 12 ಹರ್ಟ್ಸ್‌ನ ಸುತ್ತ ಅಥವಾ ಅದರ ಗುಣಕಗಳಲ್ಲಿ ಕಾಣಿಸಬೇಕು. ಶಾಫ್ಟಿನ ದೋಷ 51ರಲ್ಲಿ ಬರುತ್ತದೆ, ಅದು ಕಿವಿಗಿಂತ ಹೆಚ್ಚಾಗಿ ಸೀಟಿಗೆ ತಿಳಿಯುವ ನಡುಕ. ಗೇರಿನ ಊಳು 500ರ ಆಸುಪಾಸಿನಲ್ಲಿ ಒಂದೇ ಶಿಖರವಾಗಿ ಎದ್ದು ನಿಲ್ಲುತ್ತದೆ. ಮೊಬೈಲಿನಲ್ಲಿ ಸದ್ದಿನ ಆವರ್ತನ ತೋರಿಸುವ ಉಚಿತ ಆ್ಯಪ್‌ಗಳಿವೆ. ಪಕ್ಕದಲ್ಲಿ ಕೂತವರ ಕೈಗೆ ಕೊಟ್ಟು 60ರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ದಾಖಲಿಸಿ.

ಹಳೇಫೋರ್ಡ್ ಅವರಿಗೆ ಒಂದು ಮಾತು. ನೇರ ರಸ್ತೆಯಲ್ಲಿ ಎರಡೂ ಹಿಂದಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗುವಾಗ ಟ್ರ್ಯಾಕ್ಷನ್-ಲಾಕ್‌ನ ಪ್ಲೇಟುಗಳು ಒಂದರ ಮೇಲೊಂದು ಜಾರುವುದೇ ಇಲ್ಲ. ಮಾಡಿಫೈಯರ್ ಕಡಿಮೆಯಾದರೆ ನಿಧಾನದ ಬಿಗಿ ತಿರುವಿನಲ್ಲಿ ಗಡಗಡ ಅದುರುತ್ತದೆ. 60 ಮೈಲಿ ವೇಗದಲ್ಲಿ ನೇರ ಹೋಗುವಾಗ ಊಳಿಡುವುದಿಲ್ಲ.

ಹಳೇಫೋರ್ಡ್
ಲೆಕ್ಕ ಚೆನ್ನಾಗಿದೆ. ಆದರೆ ಆಯಿಲ್ ಸುಟ್ಟಿದ್ದರೆ ಗೇರೂ ಬೇರಿಂಗೂ ಎರಡೂ ಸದ್ದು ಮಾಡುತ್ತವೆ. ಮಾಡಿಫೈಯರ್ ಹಾಕಿ ನೋಡುವುದರಿಂದ ನಷ್ಟವೇನಿಲ್ಲ, ನಾನು ಇನ್ನೂ ಅದನ್ನೇ ಹೇಳುತ್ತೇನೆ.

ಕೆಂಪುಜಿಟಿ_ಮಿಶಿಗನ್
ಆ್ಯಪ್‌ನಲ್ಲಿ 60ಕ್ಕೆ 500ಕ್ಕಿಂತ ತುಸು ಮೇಲೆ ಒಂದು ಚೂಪಾದ ಶಿಖರ ಕಾಣಿಸಿತು. ಎಳೆತದಲ್ಲಿ ಅದು ಬಹುತೇಕ ಮಾಯ. ಇನ್ನೊಂದು ವಿಷಯ: ಬೇಸಿಗೆಯಲ್ಲಿ ಪಿನಿಯನ್ ಸೀಲ್ ಸೋರುತ್ತಿತ್ತು, ಇಲ್ಲಿನ ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ್ದೆ. ಅರ್ಧ ಗಂಟೆಯ ಕೆಲಸ, ಸೋರಿಕೆ ನಿಂತಿದೆ. ಇದಕ್ಕೂ ಸದ್ದಿಗೂ ಸಂಬಂಧವಿರಲಾರದು ಅಲ್ಲವೇ?

ಹರಿಹರ_ವರ್ಕ್‌ಶಾಪ್
ಸಂಬಂಧ ಇರುವುದೇ ಅಲ್ಲಿ, ಸರ್. ನಮ್ಮ ತಂದೆಯವರು ಹೆದ್ದಾರಿ ಬದಿಯಲ್ಲಿ ಲಾರಿ ಡಿಫರೆನ್ಷಿಯಲ್ ಕೆಲಸ ಮಾಡುತ್ತಿದ್ದರು, ಕ್ರೌನ್-ಪಿನಿಯನ್ ಕೂರಿಸುವುದನ್ನು ನಾನು ಅವರ ಪಕ್ಕದಲ್ಲಿ ನಿಂತು ಕಲಿತೆ. ಲಾರಿಯದಾಗಲಿ ಮಸ್ಟಾಂಗಿನದಾಗಲಿ, ಪಿನಿಯನ್ ನಟ್ ಬಿಚ್ಚಿದವನು ಬೇರಿಂಗಿನ ಬಿಗಿತವನ್ನೇ ಬಿಚ್ಚಿದಂತೆ.

ನಿಮ್ಮ ಪಿನಿಯನ್ ಎರಡು ಟೇಪರ್ ರೋಲರ್ ಬೇರಿಂಗುಗಳ ಮೇಲೆ ನಿಂತಿದೆ, ಎರಡರ ನಡುವೆ ಕ್ರಷ್ ಸ್ಲೀವ್ ಎಂಬ ತೆಳು ಉಕ್ಕಿನ ಕೊಳವೆ ಇದೆ. ನಟ್ ಬಿಗಿಯುತ್ತ ಹೋದಂತೆ ಅದು ಕುಗ್ಗಿ ಬೇರಿಂಗುಗಳಿಗೆ ಬೇಕಾದ ಒತ್ತಡ ಕೊಡುತ್ತದೆ. ಒಮ್ಮೆ ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ. ಸೀಲ್ ಹಾಕಿದವರು ಹಳೆಯ ಸ್ಲೀವ್ ಮೇಲೆ ಇಂಪ್ಯಾಕ್ಟ್ ಗನ್‌ನಿಂದ ನಟ್ ಬಿಗಿದಿದ್ದರೆ ಎರಡರಲ್ಲಿ ಒಂದಾಗಿರುತ್ತದೆ. ಅತಿಯಾಗಿ ಬಿಗಿದಿದ್ದರೆ ಬೇರಿಂಗ್ ಬಿಸಿಯಾಗಿ ಅದರ ಮೈ ಸಿಪ್ಪೆ ಏಳುತ್ತದೆ, ಆಮೇಲೆ ಸಡಿಲವಾಗುತ್ತದೆ. ಕಡಿಮೆ ಬಿಗಿದಿದ್ದರೆ ಮೊದಲ ದಿನದಿಂದಲೇ ಸಡಿಲ.

ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಏಕೆ ಎಂಬುದಕ್ಕೂ ಕಾರಣವಿದೆ. ಎಳೆತದಲ್ಲಿ ಹಲ್ಲುಗಳ ಓರೆಯು ಪಿನಿಯನ್ನನ್ನು ರಿಂಗ್ ಗೇರಿನಿಂದ ಆಚೆಗೆ ತಳ್ಳುತ್ತದೆ, ಆ ಭಾರವನ್ನು ಹಲ್ಲಿನ ಪಕ್ಕದ ದೊಡ್ಡ ಬೇರಿಂಗ್ ಹೊರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಒತ್ತಡ ತಿರುಗಿ ಪಿನಿಯನ್ ರಿಂಗ್ ಗೇರಿನ ಕಡೆಗೆ ಎಳೆಯಲ್ಪಡುತ್ತದೆ, ಆಗ ಹೊರಬೇಕಾದದ್ದು ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ತಟ್ಟೆ) ಪಕ್ಕದ ಚಿಕ್ಕ ಬೇರಿಂಗ್. ಅದರಲ್ಲಿ ಸಡಿಲವಿದ್ದರೆ ಪಿನಿಯನ್ ತನ್ನ ಜಾಗ ಬಿಟ್ಟು ಕದಲುತ್ತದೆ, ಹಲ್ಲುಗಳು ತಪ್ಪು ಜಾಗದಲ್ಲಿ ಕೂಡುತ್ತವೆ.

ಗಾಡಿಯನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಪಿನಿಯನ್ ಫ್ಲ್ಯಾಂಜನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿ. ಸುತ್ತುವ ದಿಕ್ಕಿನಲ್ಲಿ ಸ್ವಲ್ಪ ಆಟ ಇರಲೇಬೇಕು, ಮೇಲೆ ಕೆಳಗೆ ಆಟ ಕೂದಲೆಳೆಯಷ್ಟೂ ಇರಬಾರದು.

ಒಂದೇಶಾಫ್ಟ್
ಸೀಲ್ ಹಾಕುವಾಗ ಪ್ರತಿಸಲವೂ ಸ್ಲೀವ್ ಬದಲಿಸಬೇಕಾಗಿಲ್ಲ. ನಟ್ಟಿಗೂ ಪಿನಿಯನ್‌ಗೂ ಗುರುತು ಹಾಕಿ, ಎಳೆಗಳನ್ನು ಎಣಿಸಿ, ಅದೇ ಗುರುತಿನಿಂದ ಕೂದಲಷ್ಟು ಮುಂದಕ್ಕೆ ಬಿಗಿದರೆ ಸಾಕು. ನಾನು ಹಾಗೆಯೇ ಮಾಡಿದ್ದೇನೆ, ಇಂದಿಗೂ ಸದ್ದಿಲ್ಲ.

ಹರಿಹರ_ವರ್ಕ್‌ಶಾಪ್
ಬಿಚ್ಚುವ ಮೊದಲು ತಿರುಗುವ ಎಳೆತವನ್ನು (ಪಿನಿಯನ್ ತಿರುಗಿಸಲು ಬೇಕಾದ ಬಲ) ಅಳೆದಿಟ್ಟುಕೊಂಡು ಆಮೇಲೆ ಹೋಲಿಸಿ ನೋಡಿದ್ದರೆ ಒಪ್ಪುತ್ತೇನೆ. ಗುರುತನ್ನಷ್ಟೇ ನಂಬಿ ಮಾಡುವ ಕೆಲಸವನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಕೆಂಪುಜಿಟಿ_ಮಿಶಿಗನ್
ಫ್ಲ್ಯಾಂಜ್ ಅಲ್ಲಾಡುತ್ತಿದೆ. ಕೈಗೆ ತಿಳಿಯುವಷ್ಟು ಆಟವಿದೆ. ಕವರ್ ಬಿಚ್ಚಿದೆ, ಆಯಸ್ಕಾಂತದ ಮೇಲೆ ಬೂದುಬಣ್ಣದ ಕೆಸರಿನ ಜೊತೆ ಹೊಳೆಯುವ ಚೂರುಗಳೂ ಇವೆ. ಗೇರುಗಳನ್ನೂ ಎಸೆಯಬೇಕೇ?

ಅಳತೆಗಾರ
ನುಣ್ಣನೆಯ ಬೂದು ಕೆಸರು ಕ್ಲಚ್ ಪ್ಲೇಟಿನ ಸವೆತ, ಅದು ಸಹಜ. ಹೊಳೆಯುವ ಚೂರುಗಳು ಬೇರಿಂಗಿನವು. ಚೂರುಗಳು ಎಲ್ಲ ಕಡೆ ಸುತ್ತಿರುವುದರಿಂದ ಪಿನಿಯನ್‌ನ ಎರಡು ಬೇರಿಂಗ್ ಮಾತ್ರವಲ್ಲ, ಕ್ಯಾರಿಯರ್‌ನ (ರಿಂಗ್ ಗೇರ್ ಕೂರುವ ಗೂಡು) ಎರಡನ್ನೂ ಹೊರ ರೇಸ್ (ರೋಲರ್ ಓಡುವ ಬಳೆ) ಸಹಿತ ಬದಲಿಸಿ. ಆಕ್ಸಲ್ ಶಾಫ್ಟುಗಳನ್ನು ಹೊರತೆಗೆದು ಬೇರಿಂಗ್ ಓಡುವ ಜಾಗದಲ್ಲಿ ಗುಳಿ ಬಿದ್ದಿದೆಯೇ ನೋಡಿ. ಹೌಸಿಂಗನ್ನೂ ಟ್ಯೂಬುಗಳನ್ನೂ ಪೂರ್ತಿ ತೊಳೆಯಿರಿ. ಕ್ಯಾರಿಯರ್ ಕ್ಯಾಪ್‌ಗಳು ಎಡಬಲ ಅದಲುಬದಲಾಗದಂತೆ ಮೊದಲೇ ಗುರುತು ಹಾಕಿ.

ಹೊಸ ಬೇರಿಂಗಿಗೆ ಪಿನಿಯನ್ ಒಂದನ್ನೇ ತಿರುಗಿಸುವ ಎಳೆತ 16ರಿಂದ 29 ಅಂಗುಲ-ಪೌಂಡ್ ಇರಬೇಕು, ಓಡಿದ ಬೇರಿಂಗಿಗೆ 8ರಿಂದ 14. ಇದನ್ನು ಕ್ಯಾರಿಯರ್ ಒಳಗಿಲ್ಲದಾಗ, ಮುಳ್ಳು ತೋರಿಸುವ ಚಿಕ್ಕ ಟಾರ್ಕ್ ವ್ರೆಂಚ್‌ನಿಂದಲೇ ಅಳೆಯಬೇಕು. ಹೊಸ ಸ್ಲೀವ್, ಹೊಸ ನಟ್ ಕಡ್ಡಾಯ. ಅಳತೆ ಮೀರಿದರೆ ನಟ್ ಹಿಂದಕ್ಕೆ ತಿರುಗಿಸಿ ಸರಿಪಡಿಸಲು ಹೋಗಬೇಡಿ, ಇನ್ನೊಂದು ಸ್ಲೀವ್ ಹಾಕಿ. ರಿಂಗ್ ಗೇರಿನ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆಟ) 0.008ರಿಂದ 0.015 ಇಂಚಿನೊಳಗಿರಲಿ. ಓಡಿದ ಗೇರನ್ನೇ ಉಳಿಸಿಕೊಳ್ಳುವುದಾದರೆ ಪಿನಿಯನ್ ಆಳದ ಶಿಮ್ (ಜಾಗ ಹೊಂದಿಸುವ ತೆಳು ಬಿಲ್ಲೆ) ಹಳೆಯದೇ ಇರಲಿ, ಹಲ್ಲು ಎಲ್ಲಿ ಕೂಡುತ್ತದೆಂದು ತೋರಿಸುವ ಹಳದಿ ಪೇಸ್ಟ್ ಹಚ್ಚಿ ಹಲ್ಲಿನ ಎರಡೂ ಬದಿಯ ಗುರುತಿನ ಚಿತ್ರಗಳನ್ನು ಇಲ್ಲಿ ಹಾಕಿ.

ಹಾಸನ_ಬೇಏರಿಯಾ
ಇಷ್ಟೆಲ್ಲ ಬಿಚ್ಚಿದ ಮೇಲೆ ಸ್ಲೀವ್ ಬದಲು ಕುಗ್ಗದ ಗಟ್ಟಿ ಸ್ಪೇಸರ್ ಹಾಕುವುದು ಒಳ್ಳೆಯದಲ್ಲವೇ?

ಹರಿಹರ_ವರ್ಕ್‌ಶಾಪ್
ಟ್ರ್ಯಾಕಿನಲ್ಲಿ ಓಡಿಸುವವರಿಗೆ ಒಳ್ಳೆಯದು. ಆದರೆ ಶಿಮ್ ಬದಲಿಸಿ ಬದಲಿಸಿ ಅಳೆಯುವ ತಾಳ್ಮೆ ಬೇಕು. ಮೊದಲ ಸಲ ಮಾಡುವವರಿಗೆ ಸ್ಲೀವ್ ಸಾಕು.

ಕೆಂಪುಜಿಟಿ_ಮಿಶಿಗನ್
ಕೆಲಸ ಮುಗಿಯಿತು. ಚಿಕ್ಕ ಬೇರಿಂಗಿನ ರೇಸ್ ಮೇಲೆ ಅರ್ಧ ಸುತ್ತಿನಷ್ಟು ಸಿಪ್ಪೆ ಎದ್ದಿತ್ತು. ತಿರುಗುವ ಎಳೆತ 22 ಅಂಗುಲ-ಪೌಂಡಿಗೆ ಬಂದಿದೆ, ಬ್ಯಾಕ್‌ಲ್ಯಾಶ್ 0.011 ಇಂಚು. ಊಳು ಹೆಚ್ಚುಕಡಿಮೆ ಹೋಗಿದೆ, ಆದರೆ 55ರ ಸುತ್ತ ಆಕ್ಸಿಲರೇಟರ್ ಬಿಟ್ಟಾಗ ತೆಳುವಾದ ಎಳೆಯೊಂದು ಇನ್ನೂ ಕೇಳಿಸುತ್ತದೆ.

ಅಳತೆಗಾರ
ನೀವು ಹಾಕಿದ ಚಿತ್ರದಲ್ಲಿ ಎಳೆತದ ಬದಿಯ ಗುರುತು ನಡುವಿನಲ್ಲಿಯೇ ಇದೆ, ಇನ್ನೊಂದು ಬದಿಯಲ್ಲಿ ಹಲ್ಲು ಹೊಳಪು ಬಂದು ಸವೆದಿದೆ. ಪಿನಿಯನ್ ಸಡಿಲವಿದ್ದಾಗ ಆದ ಸವೆತ ಅದು, ಶಿಮ್‌ನಿಂದ ಹೋಗುವುದಿಲ್ಲ. ಬೇರಿಂಗ್ ಈಗ ಭದ್ರವಾಗಿರುವುದರಿಂದ ಓಡಿಸಲು ಅಪಾಯವಿಲ್ಲ. ಮೊದಲ 500 ಮೈಲಿ ಹಗುರವಾಗಿ ಓಡಿಸಿ, ಆಯಿಲ್ ಬದಲಿಸಿ, ಆಯಸ್ಕಾಂತವನ್ನು ಮತ್ತೆ ನೋಡಿ. ಸದ್ದು ಸಹಿಸಲಾಗದಿದ್ದರೆ ಮಾತ್ರ ಹೊಸ ಗೇರ್ ಜೋಡಿ ತನ್ನಿ.

ಹಳೇಫೋರ್ಡ್
ಆ ಆಯಿಲ್ ಬದಲಿಸುವಾಗ ಮಾಡಿಫೈಯರ್ ಮರೆಯಬೇಡಿ, ಒಂದು ಬಾಟಲಿ 4 ಔನ್ಸ್ ಪೂರ್ತಿ. ಹೊಸ ಜೋಡಿ ತರುವುದಾದರೆ 3.73 ತನ್ನಿ.

ಒಂದೇಶಾಫ್ಟ್
4.10 ಇರಲಿ.