ಕ್ಯೂಆರ್ ಸ್ಕ್ಯಾನ್ ಆದ್ರೂ ಡೆಸ್ಕ್‌ಟಾಪ್‌ನಲ್ಲಿ ಪಾಸ್‌ಕೀ ಲಾಗಿನ್ ಆಗ್ತಿಲ್ಲ

ಗೂಡಂಗಡಿ_ನೆಟ್:
ಆಂಡ್ರಾಯ್ಡ್ 14 ಫೋನ್, ವಿಂಡೋಸ್ 10 ಡೆಸ್ಕ್‌ಟಾಪ್, ಕ್ರೋಮ್. ಗೂಗಲ್ ಖಾತೆಯ ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳು ಅಥವಾ ಪಿನ್‌ನಿಂದ ತೆರೆಯೋ ಡಿಜಿಟಲ್ ಕೀಲಿ) ಫೋನಿನಲ್ಲಿದೆ, ಅಲ್ಲಿ ಬೆರಳಿಟ್ಟ ಕೂಡಲೇ ತೆರೆಯುತ್ತೆ. ಡೆಸ್ಕ್‌ಟಾಪ್‌ನಲ್ಲಿ ಬರುವ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಮಾತ್ರ ಸುತ್ತುತ್ತಾ ಇದ್ದು ಕೊನೆಗೆ ಎರರ್. ಎರಡೂ ಒಂದೇ ವೈಫೈನಲ್ಲಿವೆ. ಡೆಸ್ಕ್‌ಟಾಪ್‌ಗೆ ಯುಎಸ್‌ಬಿಗೆ ಸಿಕ್ಕಿಸೋ ಹಳೇ ಬ್ಲೂಟೂತ್ ಡಾಂಗಲ್ ಇದೆ, ಹೆಡ್‌ಸೆಟ್ ಅದರಲ್ಲೇ ಓಡುತ್ತೆ. ಕ್ಯಾಶ್ ಕ್ಲಿಯರ್ ಮಾಡಿದ್ದಾಯ್ತು.

ರಿಬೂಟ್_ರಾಯ:
ಕ್ಯಾಶ್ ಬಿಡಿ, ವೈಫೈ ಒಂದೇ ಇರಬೇಕು ಅಂತಲೂ ಇಲ್ಲ. ಎರಡಕ್ಕೂ ಇಂಟರ್ನೆಟ್ ಇದ್ರೆ ಸಾಕು. ಅನುಮಾನ ಡಾಂಗಲ್ ಮೇಲೆ. ಸ್ಕ್ಯಾನ್ ಆದಮೇಲೆ ಫೋನ್ ಬ್ಲೂಟೂತ್ ಲೋ ಎನರ್ಜಿಯಲ್ಲಿ (ಕಡಿಮೆ ವಿದ್ಯುತ್ ಬಳಸೋ ಬ್ಲೂಟೂತ್ ಬಗೆ) ಸಣ್ಣ ಸಿಗ್ನಲ್ ಕಳಿಸುತ್ತೆ, ಡೆಸ್ಕ್‌ಟಾಪ್ ಅದನ್ನು ಹಿಡಿದ್ರೆ ಮಾತ್ರ ಮುಂದಕ್ಕೆ. ಫೋನ್ ಪಕ್ಕದಲ್ಲೇ ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ಇಲ್ಲದಿದ್ರೆ ಎಲ್ಲೋ ಕೂತ ವಂಚಕ ವಾಟ್ಸಾಪ್‌ನಲ್ಲಿ ಕ್ಯೂಆರ್ ಕಳಿಸಿ, ನಿಮ್ಮ ಕೈಯಲ್ಲೇ ಸ್ಕ್ಯಾನ್ ಮಾಡಿಸಿ ಒಳಗೆ ಬರ್ತಿದ್ದ. ಪೇರ್ ಮಾಡೋದೇನೂ ಬೇಡ.

ಲೋ ಎನರ್ಜಿ ಬಂದಿದ್ದು ಬ್ಲೂಟೂತ್ 4.0ರಲ್ಲಿ. ಅದಕ್ಕಿಂತ ಹಳೇ ಡಾಂಗಲ್‌ನಲ್ಲಿ ಹಾಡು ಕೇಳಬಹುದು, ಈ ಕೆಲಸ ಆಗಲ್ಲ. ಡಿವೈಸ್ ಮ್ಯಾನೇಜರ್ ತೆರೆದು ಬ್ಲೂಟೂತ್ ಕೆಳಗೆ ಡಾಂಗಲ್ ಹೆಸರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್. ಅಲ್ಲಿ ಬ್ಲೂಟೂತ್ ಆವೃತ್ತಿ ತಿಳಿಸೋ ಎಲ್‌ಎಂಪಿ (LMP) ಸಂಖ್ಯೆಯಲ್ಲಿ ಚುಕ್ಕಿಗಿಂತ ಮೊದಲಿನ ಅಂಕಿ 6 ಅಂದ್ರೆ 4.0. ಅದಕ್ಕಿಂತ ಕಡಿಮೆ ಇದ್ರೆ ಡಾಂಗಲ್ ಬದಲಿಸಿ.

ಗೂಡಂಗಡಿ_ನೆಟ್:
4 ಅಂತಿದೆ. ಡಾಂಗಲ್ ತರೋ ಬದಲು ಡೆಸ್ಕ್‌ಟಾಪ್‌ನಲ್ಲೇ ಇನ್ನೊಂದು ಪಾಸ್‌ಕೀ ಮಾಡಿಕೊಳ್ಳಬಹುದಾ? ಅಂಗಡಿ ಮಷಿನ್, ಮೂರು ಜನಕ್ಕೆ ಒಂದೇ ವಿಂಡೋಸ್ ಪಿನ್.

ಕೀಲಿಗೊಂಚಲು:
ಮಾಡಬೇಡಿ. ವಿಂಡೋಸ್ ಹಲೋದಲ್ಲಿಟ್ಟ (ವಿಂಡೋಸ್‌ನದೇ ಪಿನ್, ಬೆರಳು, ಮುಖದ ಲಾಗಿನ್ ವ್ಯವಸ್ಥೆ) ಪಾಸ್‌ಕೀ ತೆರೆಯೋದು ಅದೇ ಪಿನ್‌ನಿಂದ, ಅಂದ್ರೆ ಆ ಮೂವರೂ ನಿಮ್ಮ ಜಿಮೇಲ್‌ಗೆ ಹೋಗಬಹುದು. ಪಾಸ್‌ವರ್ಡ್ ಕದ್ದು ನೋಡೋ ಕಷ್ಟವೂ ಅವರಿಗಿಲ್ಲ. 2024ರ ಸೆಪ್ಟೆಂಬರ್‌ನಿಂದ ಡೆಸ್ಕ್‌ಟಾಪ್ ಕ್ರೋಮ್‌ನಲ್ಲೂ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ಗೆ ಪಾಸ್‌ಕೀ ಉಳಿಸಬಹುದು, ಅದಕ್ಕೆ ಬೇರೆ ಪಿನ್ ಇರುತ್ತೆ. ಮನೆ ಲ್ಯಾಪ್‌ಟಾಪ್‌ಗೆ ಅದು ಚೆನ್ನ. ಅಂಗಡಿ ಮಷಿನ್‌ನಲ್ಲಿ ಕ್ರೋಮ್ ಪ್ರೊಫೈಲ್ ಸಿಂಕ್ ಮಾಡೋದೇ ತಪ್ಪು, ಉಳಿದ ಪಾಸ್‌ವರ್ಡ್‌ಗಳೂ ಬಂದು ಕೂರ್ತವೆ.

ಈಗಾಗಲೇ ಒಂದು ಮಾಡಿಟ್ಟಿದ್ರೆ ಗೂಗಲ್ ಖಾತೆ, ಸೆಕ್ಯೂರಿಟಿ, ಪಾಸ್‌ಕೀಸ್ ಪಟ್ಟಿಗೆ ಹೋಗಿ ಆ ಮಷಿನ್‌ನದ್ದನ್ನು ಅಳಿಸಿ. ಅಲ್ಲಿ ಅಳಿಸಿದ್ರೆ ಮಷಿನ್‌ನಲ್ಲಿ ಉಳಿದಿದ್ದು ಯಾವ ಬಾಗಿಲನ್ನೂ ತೆರೆಯಲ್ಲ.

ಡಾಂಗಲ್ ಬರೋವರೆಗೆ ಬ್ಯಾಕಪ್ ಕೋಡ್ ಇಟ್ಟುಕೊಳ್ಳಿ. ಗೂಗಲ್ ಖಾತೆಯ ಟು-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಆದಮೇಲಿನ ಎರಡನೇ ತಪಾಸಣೆ) ಪುಟದಲ್ಲಿ 8 ಅಂಕಿಯ 10 ಕೋಡ್ ಸಿಗುತ್ತೆ, ಪ್ರತಿಯೊಂದೂ ಒಮ್ಮೆ ಮಾತ್ರ ನಡೆಯುತ್ತೆ. ಹೊಸ ಸೆಟ್ ತೆಗೆದ್ರೆ ಹಳೇದೆಲ್ಲ ರದ್ದು. ಕಾಗದದಲ್ಲಿ ಬರೆದಿಡಿ, ಫೋನ್ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಬೇಡ: ಫೋನ್ ಹೋದಾಗ ತಾನೇ ಅದು ಬೇಕಾಗೋದು!

ಹಾಗೇ ಖಾತೆ ಮರಳಿ ಪಡೆಯೋಕೆ ಕೊಟ್ಟಿರೋ ರಿಕವರಿ ನಂಬರ್ ಕೂಡ ನೋಡಿಬಿಡಿ. ರೀಚಾರ್ಜ್ ಇಲ್ಲದೆ ನಿಂತುಹೋದ ನಂಬರನ್ನು ಕಂಪನಿಗಳು 90 ದಿನ ಕಳೆದಮೇಲೆ ಬೇರೆಯವರಿಗೆ ಕೊಡಬಹುದು, ಓಟಿಪಿಯೂ ಅವರಿಗೇ ಹೋಗುತ್ತೆ.

ರಿಬೂಟ್_ರಾಯ:
ಎಲ್‌ಎಂಪಿ 4 ಅಂದ್ರೆ ಬ್ಲೂಟೂತ್ 2.1. 4.0 ಅಥವಾ ಮೇಲಿನದು ಯಾವುದಾದ್ರೂ ತಗೊಳ್ಳಿ, 5.3ಗೆ ಹೆಚ್ಚು ದುಡ್ಡು ಸುರಿಯಬೇಡಿ. ಹೊಸದು ಹಾಕೋ ಮುಂಚೆ ಹಳೇದನ್ನು ಕಿತ್ತಿಡಿ. ವಿಂಡೋಸ್ ಒಮ್ಮೆಗೆ ಒಂದೇ ಬ್ಲೂಟೂತ್ ಅಡಾಪ್ಟರ್ ಬಳಸೋದು, ಎರಡೂ ಇದ್ರೆ ಜಗಳ. ಹೆಡ್‌ಸೆಟ್ ಮತ್ತೆ ಪೇರ್ ಮಾಡಬೇಕಾಗುತ್ತೆ.